ಚಿಕ್ಕಸ್ವಾಮಿಗೆ ಹಾಕಿಕೊಟ್ಟ ತಗಡಿನ ಮಡ್ಗಾರ್ಡು

ಚಿಕ್ಕಸ್ವಾಮಿ ಅವತ್ತು ಕುಡಿದಿರಲಿಲ್ಲ. ಅವನಿಗೆ ತಲೆ ಸುತ್ತಿರಲಿಲ್ಲ, ಗಾಳಿಯೂ ಮೆಟ್ಟಿರಲಿಲ್ಲ. ಅವನನ್ನು ಸೈಕಲ್ ಮೇಲಿಂದ ಬೀಳಿಸಿ ಕೈ ಮುರಿದದ್ದು ನಾನು. ಅವನು ಬಂಡೀಪುರದ ಕಾಡಂಚಿನಲ್ಲಿದ್ದ, ನಾನು ಗುಂಡ್ಲುಪೇಟೆಯ ಅಂಗಡಿಯಲ್ಲಿದ್ದೆ. ಆದರೂ ಬೀಳಿಸಿದ್ದು ನಾನೇ. ಇದನ್ನು ಮೊದಲೇ ಹೇಳಿಬಿಟ್ಟರೆ ಮಿಕ್ಕದ್ದು ಬರೆಯೋದು ಸಲೀಸು.

ನನ್ನ ಹೆಸರು ಕೆಂಪಮ್ಮ. ಹುಟ್ಟಿದ್ದು ಉಡಿಗಾಲ, ಕೊಟ್ಟಿದ್ದು ಗುಂಡ್ಲುಪೇಟೆಗೆ. ಓದಿದ್ದು ನಾಲ್ಕನೇ ಕ್ಲಾಸು. ಸೈಕಲ್ ರಿಪೇರಿ ಮಾಡಿದ್ದು ಮೂವತ್ತು ವರ್ಷಕ್ಕಿಂತ ಜಾಸ್ತಿ. ಮಂಡಿ ಮಡಿಸೋಕೆ ಆಗದೆ ಹೋದಾಗ ನಿಲ್ಲಿಸಿದೆ. ಈಗ ನಮ್ಮ ಬೀದಿಯ ಸವಿತಾ ಅನ್ನೋ ಹುಡುಗಿ ಬ್ಯಾಟರಿ ಸೈಕಲ್ ರಿಪೇರಿ ಅಂಗಡಿ ಇಡ್ತಾ ಇದ್ದಾಳೆ. ಬಂದು ಕೂತು, "ಅಜ್ಜಿ, ನಿಂಗೆ ಗೊತ್ತಿರೋದೆಲ್ಲ ಬರ್ದುಕೊಡು" ಅಂದಳು.

"ಗೊತ್ತಿಲ್ದೆ ಮಾಡಿದ್ದೇ ಜಾಸ್ತಿ ಕಣಮ್ಮಿ."

"ಹಂಗಾದ್ರೆ ಅದ್ನೇ ಬರಿ."

ಅದಕ್ಕೇ ಬರೀತಾ ಇದ್ದೀನಿ. ಕಾಗುಣಿತ ತಪ್ಪಿದ್ದರೆ ಅವಳೇ ತಿದ್ದಿಕೊಳ್ಳಲಿ, ಅವಳು ಡಿಪ್ಲೊಮಾ.

ಅಂಗಡಿ ನಮ್ಮ ಯಜಮಾನರದು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾದವು. ಅಂಗಡಿ ಮುಚ್ಚೋದಾ ಅಂದಾಗ ನಾನು ಸ್ಪ್ಯಾನರ್ ಹಿಡಿದೆ. ಅವರು ಬೆಂಚಿನ ಮೇಲೆ, ನಾನು ನೆಲದ ಮೇಲೆ. ನನಗಿದ್ದ ಮೇಲಧಿಕಾರಿ ಅವರೊಬ್ಬರೇ. ಕಣ್ಣು ಕಾಣದಿದ್ದರೂ ಕಿವಿಯಲ್ಲೇ ತಪ್ಪು ಹಿಡಿಯೋರು. "ಆ ನಟ್ಟು ಅಡ್ಡ ಕೂತ್ಕತು, ಬಿಚ್ಚು" ಅನ್ನೋರು. ನಾನು ಬಿಚ್ಚದೆ, ಸುಮ್ಮನೆ ಸ್ಪ್ಯಾನರ್ ಸದ್ದು ಮಾಡಿ, "ಬಿಚ್ಚಿದೆ" ಅನ್ನುತ್ತಿದ್ದೆ. "ಬಿಚ್ಚಿದ ಸದ್ದಲ್ಲ ಅದು" ಅನ್ನೋರು. ಹೆಂಡತಿ ಕೆಲಸಕ್ಕೆ ಗಂಡ ಮೇಲಧಿಕಾರಿ ಆಗಬಾರದು. ರಜಾನೂ ಸಿಗಲ್ಲ, ಸಂಜೆ ಮನೆಗೆ ಬಂದರೂ ಅವರೇ ಇರುತ್ತಾರೆ.

ನನಗೆ ಚೆನ್ನಾಗಿ ಬರುತ್ತಿದ್ದದ್ದು ಮಡ್ಗಾರ್ಡ್ ಕೆಲಸ. ಆಗ ಎಲ್ಲಾ ತಗಡಿನವೇ. ನೆಗ್ಗಿದರೆ ಹುಣಸೆ ಕೊರಡಿನ ಮೇಲಿಟ್ಟು ಒಳಗಿಂದ ತಟ್ಟೋದು. ರಿವಿಟ್ ಕಿತ್ತರೆ ಹೊಸದು ಬಡಿಯೋದು. ತುಕ್ಕು ತಿಂದು ತೂತಾದರೆ ಎಣ್ಣೆ ಡಬ್ಬದ ತಗಡು ಕತ್ತರಿಸಿ ತೇಪೆ ಹಾಕೋದು. ನಾನು ತೇಪೆ ಹಾಕಿದ ಮಡ್ಗಾರ್ಡಿನ ಮೇಲೆ ಎಣ್ಣೆ ಡಬ್ಬದ ಕಡಲೆಕಾಯಿ ಚಿತ್ರ ಹಾಗೇ ಉಳಿಯೋದು. "ಕೆಂಪಕ್ಕ ಹಾಕಿದ ಮಡ್ಗಾರ್ಡು ಸೈಕಲ್ ಹೋದ್ರೂ ಹೋಗಲ್ಲ" ಅಂತ ಜನ ಅಂದರು. ಆ ಮಾತು ಕೇಳಿ ನಾನು ಕೆಟ್ಟೆ.

ಆಮೇಲೆ ಪ್ಲಾಸ್ಟಿಕ್ ಮಡ್ಗಾರ್ಡಿನ ಸೈಕಲ್ಲುಗಳು ಬಂದವು. ಮೊದಲನೇದನ್ನು ತಂದವರು ಒಬ್ಬರು ಮೇಷ್ಟ್ರು. ಹಿಂದಿನ ಮಡ್ಗಾರ್ಡು ಸೊಟ್ಟಗಾಗಿ ಟೈರಿಗೆ ತಗಲುತ್ತಿತ್ತು. ನಾನು ಅದನ್ನು ಬಿಚ್ಚಿ, ಕೊರಡಿನ ಮೇಲಿಟ್ಟು, ಸುತ್ತಿಗೆಯಲ್ಲಿ ಒಂದು ಬಿಟ್ಟೆ. ಮೂರು ಚೂರಾಯಿತು.

"ನೋಡಿದ್ರಾ ಮೇಷ್ಟ್ರೇ, ಎಂಥಾ ಲಡಾಸು ಮಾಲು" ಅಂದೆ.

"ನನ್ನ ಕನ್ನಡಕಕ್ಕೆ ಸುತ್ತಿಗೇಲಿ ಹೊಡೆದ್ರೂ ಒಡೀತದೆ ಕೆಂಪಮ್ಮ. ಕನ್ನಡಕ ಲಡಾಸಾ?" ಅಂದರು.

ಯಜಮಾನರು ಬೆಂಚಿನ ಮೇಲೆ ನಕ್ಕ ನಗು ಬಸ್ ಸ್ಟ್ಯಾಂಡಿನ ತನಕ ಕೇಳಿಸಿರಬೇಕು.

ಎರಡನೇದಕ್ಕೆ ಸುತ್ತಿಗೆ ಮುಟ್ಟಲಿಲ್ಲ, ಬುದ್ಧಿ ಬಂದಿತ್ತು. ಸೀಮೆಎಣ್ಣೆ ಸ್ಟವ್ ಹಚ್ಚಿ ಅದರ ಮೇಲೆ ಹಿಡಿದೆ. ಬಾಳೆಲೆ ಬಾಡಿಸೋ ಹಾಗೆ ಬಾಡಿಸಿ ನೆಟ್ಟಗೆ ಮಾಡೋಣ ಅಂತ. ಅದು ಬಾಡಿತು, ಜೋತು ಬಿತ್ತು, ಆಮೇಲೆ ಹತ್ತಿಕೊಂಡಿತು. ಪಕ್ಕದ ಟೀ ಅಂಗಡಿಯ ಗಿರಾಕಿಗಳೆಲ್ಲ ಮೂಗು ಮುಚ್ಚಿಕೊಂಡು ಎದ್ದು ಹೋದರು. ಟೀ ಅಂಗಡಿಯವನು ಮಲಯಾಳಿ. ನಾಲ್ಕು ದಿನ ನನ್ನ ಜೊತೆ ಕನ್ನಡದಲ್ಲಿ ಮಾತಾಡಲೇ ಇಲ್ಲ. ಅವನ ಭಾಷೆಯಲ್ಲಿ ಏನೋ ಅನ್ನುತ್ತಿದ್ದ. ಒಳ್ಳೆ ಮಾತಾಗಿರಲಿಲ್ಲ ಅಂತ ಮಾತ್ರ ಗೊತ್ತು. ಕುದಿಯೋ ನೀರು ಹುಯ್ದು, ಬಟ್ಟೆ ಸುತ್ತಿ ಬಗ್ಗಿಸಿದರೆ ಸಾಕು ಅಂತ ಕಲಿಯೋಕೆ ನನಗೆ ಇನ್ನೂ ಎರಡು ಮಡ್ಗಾರ್ಡು ಬೇಕಾದವು.

ಅಲ್ಲಿಗೆ ಸುಮ್ಮನಾಗಬಹುದಿತ್ತು. ಆಗಲಿಲ್ಲ. ತಗಡೇ ಗಟ್ಟಿ ಅಂತ ಸಾಬೀತು ಮಾಡ್ತೀನಿ ಅಂದೆ. ಒಂದು ಆಯುಧಪೂಜೆ ದಿನ, ಸೈಕಲ್ಲುಗಳಿಗೆಲ್ಲ ವಿಭೂತಿ ಬಳಿದು ಕುಂಬಳಕಾಯಿ ಒಡೆದ ಮೇಲೆ, ಜನ ಸೇರಿದ್ದಾಗಲೇ ಒಂದು ತಗಡಿನ ಮಡ್ಗಾರ್ಡು, ಒಂದು ಪ್ಲಾಸ್ಟಿಕ್ಕಿನದು ಎರಡನ್ನೂ ಅಂಗಡಿಯ ಸೂರಿನ ಶೀಟಿನ ಮೇಲೆ ಕಟ್ಟಿದೆ. ಮುಂದಿನ ಆಯುಧಪೂಜೆಗೆ ಇಳಿಸೋದು, ಯಾವುದು ಉಳಿದಿರುತ್ತೋ ನೋಡೋದು. ಹಿಂಗಾರು ಮಳೆ ಕಳೆಯೋ ಹೊತ್ತಿಗೆ ಹತ್ತಿ ನೋಡಿದೆ. ತಗಡಿನ ಅಂಚಲ್ಲಿ ತುಕ್ಕು ಬಂದಿತ್ತು. ಅವತ್ತಿಂದ ವಾರಕ್ಕೊಂದು ಸಲ, ಯಾರೂ ಏಳೋಕೆ ಮುಂಚೆ, ಏಣಿ ಹಾಕಿ ತಗಡಿಗೆ ಮಾತ್ರ ಹರಳೆಣ್ಣೆ ತಿಕ್ಕಿ ಬರುತ್ತಿದ್ದೆ.

ವರ್ಷ ಕಳೆದು ಇಳಿಸಿದಾಗ ಪ್ಲಾಸ್ಟಿಕ್ಕು ಬಿಸಿಲಿಗೆ ಬೆಳ್ಳಗಾಗಿ, ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು. ತಗಡು ಮಿರಮಿರ ಅಂತಿತ್ತು. ಜನ ಹೌದು ಹೌದು ಅಂದರು. ಯಜಮಾನರು ತಗಡನ್ನು ಕೈಗೆ ಇಸ್ಕೊಂಡು ಮೂಸಿ ನೋಡಿ, "ಇದ್ಕೆ ಬಾಣಂತನ ಚೆನ್ನಾಗಿ ಆಗದ" ಅಂದರು. ನಾನು ಕೇಳಿಸದವಳ ಹಾಗೆ ಅರಿಶಿನ ಕುಂಕುಮ ಹಂಚಿದೆ.

ಸವಿತಾ, ನಿನಗೆ ಬೇಕಾದ್ದು ಇಷ್ಟೇ. ತಗಡು ಒಳಗಿಂದ ಸಾಯುತ್ತೆ. ಹೊರಗೆ ಬಣ್ಣ ಹೊಳೀತಿರುತ್ತೆ, ಒಳಗೆ ಎರೆಮಣ್ಣು ಮೆತ್ತಿಕೊಂಡು ನೀರು ಹಿಡಿದು ತಿಂತಾ ಇರುತ್ತೆ. ಹರವೆ ಕಡೆಯ ಎರೆ ಹೊಲದಿಂದ ಬರೋ ಸೈಕಲ್ಲಿಗೆ ಮೊದಲು ಒಳಗೆ ಬೆರಳು ಹಾಕಿ ನೋಡಬೇಕು. ಪ್ಲಾಸ್ಟಿಕ್ಕು ಸಾಯೋದು ಬೋಲ್ಟಿನ ತೂತಿನ ಹತ್ತಿರ, ಮತ್ತೆ ಬಿಸಿಲಲ್ಲಿ. ಬೋಲ್ಟ್ ಅತಿ ಬಿಗಿ ಮಾಡಬಾರದು, ರಬ್ಬರ್ ವಾಷರ್ ಹಾಕಬೇಕು. ಇದನ್ನು ಯಾರೂ ನನಗೆ ಹೇಳಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ.

ಚಿಕ್ಕಸ್ವಾಮಿ ಬಂದದ್ದು ಆ ಆಯುಧಪೂಜೆ ಕಳೆದ ಸ್ವಲ್ಪ ದಿನಕ್ಕೆ. ನನ್ನ ತಲೆ ಆಗ ಎರಡು ಕೊಂಬು ಮೂಡೋಷ್ಟು ದಪ್ಪಗಿತ್ತು. ಅವನು ಬಂಡೀಪುರದ ಕಡೆ ಫಾರೆಸ್ಟ್ ವಾಚರ್. ಕೆಲಸ ಕಾಯಂ ಅಲ್ಲ. ಬೆಳಿಗ್ಗೆ ಕಾಡಂಚಿನ ದಾರಿಯಲ್ಲಿ ಸೈಕಲ್ ತುಳಿದು ಕ್ಯಾಂಪಿಗೆ ಹೋಗಬೇಕು. ಮುಂದಿನ ಪ್ಲಾಸ್ಟಿಕ್ ಮಡ್ಗಾರ್ಡು ಮುರಿದಿತ್ತು.

"ಒಂದು ಕಡ್ಡಿ ಚಕ್ರಕ್ಕೆ ಸಿಗಾಕೊಂಡಿತ್ತಂತ ಕಾಣ್ತದ ಅಕ್ಕ. ಲಟಕ್ ಅಂತು. ನಾನು ಹಂಗೇ ತುಳ್ಕಂಡೋದೆ. ಕ್ಯಾಂಪಲ್ಲಿ ಇಳಿದು ನೋಡಿದ್ರೆ ಅರ್ಧ ಇಲ್ಲ."

"ಒಂದು ಪುಳ್ಳೆ ಕಡ್ಡಿಗೆ ಮುರಿಯೋದೂ ಒಂದು ಮಡ್ಗಾರ್ಡಾ?" ಅಂದೆ.

"ಅದ್ನೇ ಹಾಕ್ಕೊಡಕ್ಕ. ಹಗುರ ಅದ. ಸದ್ದು ಮಾಡಲ್ಲ. ಆ ದಾರೀಲಿ ಸದ್ದು ಇದ್ರೆ ಆನೆ ಎಲ್ಲಿ ಕೊಂಬೆ ಮುರಿತಾ ಅದ ಅಂತ ಕೇಳ್ಸಲ್ಲ."

"ಆನೆಗೆ ಎದ್ರುಕೊಳ್ಳೋನು ವಾಚರ್ ಕೆಲ್ಸಕ್ಕೆ ಯಾಕ್ಲಾ ಸೇರ್ದೆ?"

"ಎದ್ರಿಕೆ ಇರೋನೇ ವಾಪಸ್ ಬರೋದು ಕಣಕ್ಕ" ಅಂದ.

ಒಳ್ಳೆ ಮಾತು. ಅದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಗುಜರಿ ಸೈಕಲ್ಲಿನಿಂದ ಬಿಚ್ಚಿಟ್ಟಿದ್ದ ಹಳೆ ಕಾಲದ ದಪ್ಪ ತಗಡಿನ ಮಡ್ಗಾರ್ಡು ತೆಗೆದೆ. ಅದರ ಕಡ್ಡಿಗಳು, ಅಂದರೆ ಮಡ್ಗಾರ್ಡನ್ನು ಚಕ್ರದ ಅಚ್ಚಿಗೆ ಹಿಡಿದು ನಿಲ್ಲಿಸೋ ಕಬ್ಬಿಣದ ಕಡ್ಡಿಗಳು, ಅವನ ಹೊಸ ಸೈಕಲ್ಲಿಗೆ ಹೊಂದಲಿಲ್ಲ. ಕಡ್ಡಿ ತುದಿಯ ಕಣ್ಣು, ಅಂದರೆ ತೂತು, ಅಚ್ಚಿಗಿಂತ ದೊಡ್ಡದು, ನಟ್ಟು ಹಿಡಿಯೋದಿಲ್ಲ. ಸರಿಯಾದ ಕಡ್ಡಿ ಮೈಸೂರಿಂದ ತರಿಸಬೇಕು, ನಾಲ್ಕು ದಿನ ಆಗುತ್ತೆ. ನಾಲ್ಕು ದಿನ ಕಾಯಿಸಿದರೆ ಅವನು ಬೇರೆ ಅಂಗಡಿಗೆ ಹೋಗಿ ಪ್ಲಾಸ್ಟಿಕ್ಕೇ ಹಾಕಿಸಿಕೊಂಡು ಬಿಡುತ್ತಾನೆ. ಅದಕ್ಕೆ ಕಡ್ಡಿಯ ಕಣ್ಣಿಗೆ ಕಟ್ಟುತಂತಿ ಸುತ್ತಿ, ಸಂದು ತುಂಬಿಸಿ, ಮೇಲೆ ನಟ್ಟು ಬಿಗಿದೆ. ಬೆಂಚಿನಿಂದ ಯಜಮಾನರು, "ಅದೇನು ತಂತಿ ಸದ್ದು?" ಅಂದರು. "ಏನಿಲ್ಲ" ಅಂದೆ. ಚಿಕ್ಕಸ್ವಾಮಿಗೆ, "ಓಗು, ಇನ್ನು ನಿನ್ ಮೊಮ್ಮಗ ತುಳಿದ್ರೂ ಇದು ಮುರಿಯಲ್ಲ" ಅಂದೆ.

ಮುರಿಯಲಿಲ್ಲ. ಅದೇ ಆದದ್ದು.

ಹದಿನೈದು ದಿನ ಕಳೆದಿರಬೇಕು. ಅವನ ಹೆಂಡತಿ ಸಾಕಮ್ಮ ಒಂದು ಗೂಡ್ಸ್ ಗಾಡಿಯಲ್ಲಿ ಸೈಕಲ್ ಹಾಕಿಕೊಂಡು ಬಂದಳು. ಬೆಳಿಗ್ಗೆ ಕೆಲಸಕ್ಕೆ ಹೋಗ್ತಾ ಇಳಿಜಾರಲ್ಲಿ ಹ್ಯಾಂಡಲ್ ದಾಟಿ ಮುಂದಕ್ಕೆ ಬಿದ್ದಿದ್ದ. ಬಲಗೈ ಮುರಿದಿತ್ತು, ತುಟಿ ಹರಿದಿತ್ತು. ಸೈಕಲ್ ನೋಡಿದೆ. ಮುಂದಿನ ಮಡ್ಗಾರ್ಡು ಫೋರ್ಕಿನ ಸಂದಿಯಲ್ಲಿ ವೀಳ್ಯದ ಸುರುಳಿಯ ಹಾಗೆ ಸುತ್ತಿಕೊಂಡು ಕೂತಿತ್ತು. ಕಡ್ಡಿ ಅಚ್ಚಿನಿಂದ ಕಳಚಿ ಚಕ್ರದ ಸ್ಪೋಕುಗಳ ಒಳಗೆ ನುಗ್ಗಿತ್ತು. ನನ್ನ ಕಟ್ಟುತಂತಿಯ ಒಂದು ತುಂಡು ಇನ್ನೂ ಅಚ್ಚಿನಲ್ಲೇ ನೇತಾಡ್ತಾ ಇತ್ತು.

ನೋಡಿದ ಗಳಿಗೆಯಲ್ಲೇ ಗೊತ್ತಾಯಿತು. ತಂತಿ ಸವೆದು ಕಡ್ಡಿ ಕಳಚಿದೆ. ಕಡ್ಡಿಯನ್ನು ಚಕ್ರ ಎಳೆದುಕೊಂಡಿದೆ, ಕಡ್ಡಿ ತಗಡನ್ನು ಎಳೆದುಕೊಂಡಿದೆ. ಪ್ಲಾಸ್ಟಿಕ್ ಆಗಿದ್ದರೆ ಲಟಕ್ ಅಂತ ಮುರಿದು ಅರ್ಧ ದಾರಿಯಲ್ಲಿ ಬಿದ್ದಿರೋದು, ಅವನು ಹೋದ ಸಲದ ಹಾಗೇ ತುಳಿದುಕೊಂಡು ಹೋಗಿರೋನು. ನನ್ನ ತಗಡು ಮುರಿಯದೆ ಗಟ್ಟಿಯಾಗಿ ನಿಂತು ಚಕ್ರ ಹಿಡಿಯಿತು. ಚಕ್ರ ನಿಂತಿತು, ಚಿಕ್ಕಸ್ವಾಮಿ ನಿಲ್ಲಲಿಲ್ಲ.

ಸಾಕಮ್ಮ ಅಳ್ತಾ ಇದ್ದಳು. "ಕುಡ್ದು ಬಿದ್ದವ್ನೆ ಅಂತಾರಕ್ಕ. ಫಾರೆಸ್ಟರ್ ಸಾಹೇಬ್ರು ಬಂದು ನೋಡಿ, ನೆಟ್ಟನೆ ದಾರೀಲಿ, ಕಲ್ಲಿಲ್ಲ ಗುಂಡಿಲ್ಲ, ಎಂಗ್ಲಾ ಬಿದ್ದೆ ಅಂತ ಕೇಳುದ್ರು. ಇವ್ರು ಗೊತ್ತಿಲ್ಲ ಅಂದ್ರು. ಕುಡಿಯೋನು ನಮ್ಗೆ ಬ್ಯಾಡ, ಬೇರೆಯೋರ್ನ ನೋಡ್ತೀವಿ ಅಂದವ್ರೆ. ಮಡ್ಗಾರ್ಡ್ ಯಾಕಕ್ಕ ಹಿಂಗಾಗದ?"

ನಾನು ಏನಂದೆ ಗೊತ್ತಾ? "ಬಿದ್ದ ಏಟಿಗೆ ನೆಗ್ಗದ" ಅಂದೆ. ಅಷ್ಟಕ್ಕೇ ಬಿಡಲಿಲ್ಲ. "ಕುಡ್ತ ಇದ್ರೆ ಬುಡ್ಸು ಕಣಮ್ಮಿ, ಮನೆ ಹಾಳು" ಅಂತ ಬುದ್ಧಿ ಬೇರೆ ಹೇಳಿದೆ. ಈ ಕೈಯಲ್ಲಿ ಬರೆಯೋಕೆ ನಾಚಿಕೆ ಆಗುತ್ತೆ, ಆದರೆ ಅಂದದ್ದು ಅಂದದ್ದೇ. ಅವಳು ಹೋದ ಮೇಲೆ ತಗಡಿನ ಸುರುಳಿಯನ್ನು ಸೈಕಲ್ಲಿಂದ ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿ ಬೆಂಚಿನ ಕೆಳಗೆ ತಳ್ಳಿದೆ.

ಎಂಟು ದಿನ ಹಾಗೇ ಇದ್ದೆ. ಗಿರಾಕಿಗಳು ಬಂದು ಅದೇ ಸುದ್ದಿ ಹೇಳೋರು, ನಾನು "ಅಯ್ಯೋ ಪಾಪ" ಅನ್ನುತ್ತಿದ್ದೆ. ಒಂಬತ್ತನೇ ದಿನ ಯಜಮಾನರು ಕಾಲಿಗೆ ತಗುಲಿದ ಗೋಣಿಚೀಲ ಎಳೆದುಕೊಂಡು ಬಿಚ್ಚಿದರು. ಕಾಣದಿದ್ದರೆ ಏನು, ಬೆರಳಿತ್ತಲ್ಲ. ತಗಡಿನ ಮೇಲೆ ಬೆರಳು ಆಡಿಸಿದರು.

"ಇದು ಬಿದ್ದ ಏಟಲ್ಲ. ಚಕ್ರ ಸುತ್ತಿರೋದು. ಕಡ್ಡಿ ಎಲ್ಲಿ ಬುಡ್ತು?"

"ಅಚ್ಚಲ್ಲಿ."

"ಯಾರು ಹಾಕಿದ್ದು?"

"ಈ ಅಂಗ್ಡೀಲಿ ಇನ್ಯಾರವ್ರೆ?"

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ತಗಡನ್ನು ನನ್ನ ಕಡೆ ಚಾಚಿಕೊಂಡೇ ಕೂತರು. ನಾನು ತಗೊಳ್ಳೋ ತನಕ ಕೈ ಇಳಿಸಲಿಲ್ಲ.

ಅದೇ ಮಧ್ಯಾಹ್ನ ಚಿಕ್ಕಸ್ವಾಮಿ ಬಂದು ಬೆಂಚಿನ ತುದಿಯಲ್ಲಿ ಕೂತ. ಕೈ ಕತ್ತಿಗೆ ನೇತುಹಾಕಿಕೊಂಡಿದ್ದ, ಮುಖ ಇಳಿದಿತ್ತು. "ಸೈಕಲ್ ಯಾರ್ಗಾರ ಮಾರ್ಬುಡಕ್ಕ" ಅಂದ. "ನಾನು ಇನ್ನು ಹತ್ತಲ್ಲ. ನಂಗೇ ಏನೋ ಆಗದ. ಇದ್ದಕ್ಕಿದ್ದಂಗೆ ಕೆಳಗೆ ಬಿದ್ದಿವ್ನಿ. ತಲೇಲಿ ಏನಾರ ಕಾಯಿಲೆ ಇರ್ಬೇಕು. ನಾಳಿದ್ದು ನನ್ ಜಾಗಕ್ಕೆ ಬೇರೆಯೋನು ಬತ್ತಾನಂತೆ. ಸಾಕಿನೂ ಕುಡ್ದಿದ್ರಾ ನಿಜ ಹೇಳಿ ಅಂತಾಳೆ. ಮಾದಪ್ಪನ ಮೇಲೆ ಆಣೆ ಮಾಡಿದ್ರೂ ನಂಬಲ್ಲ."

ಯಜಮಾನರು ಕೆಮ್ಮಿದರು. ನಾನು ಎದ್ದು ಸುರುಳಿ ತಗಡನ್ನು ಅವನ ಮಡಿಲಿಗೆ ಹಾಕಿದೆ.

"ನಿಂಗೇನೂ ಆಗಿಲ್ಲ ಕಣ್ಲಾ. ನಾನು ಕಡ್ಡಿ ಸರಿಯಾಗಿ ಹಾಕಿರ್ಲಿಲ್ಲ. ಅಳ್ತೆ ಹೊಂದಿರ್ಲಿಲ್ಲ, ತಂತಿ ಸುತ್ತಿ ಕಳ್ಸಿದೆ. ಕಡ್ಡಿ ಕಳಚ್ಕಂಡು ಚಕ್ರ ಹಿಡಿತು. ನೀನು ಬಿದ್ದೆ."

ಹೊಡೀತಾನೆ ಅಂದುಕೊಂಡೆ. ಎಡಗೈ ಚೆನ್ನಾಗೇ ಇತ್ತು. ಅವನು ತಗಡನ್ನು ತಿರುಗಿಸಿ ತಿರುಗಿಸಿ ನೋಡಿ, "ಹಂಗಾದ್ರೆ ನಂಗೆ ಕಾಯಿಲೆ ಇಲ್ವಾ?" ಅಂದ.

"ಇಲ್ಲ."

"ಯಾವ್ದೂ ಇಲ್ವಾ?"

"ನನ್ ಮಾತು ಕೇಳಿದ್ದೊಂದೇ ಕಾಯಿಲೆ. ಎದ್ದೇಳು, ಆಪೀಸ್ಗೆ ಹೋಗನ."

ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋದೆವು. ಫಾರೆಸ್ಟರ್ ಸಾಹೇಬರು ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಆದದ್ದು ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವನು ನಿಮಗೆ ತಮ್ಮ ಆಗಬೇಕೇನಮ್ಮ?" ಅಂದರು.

"ಅಲ್ಲ ಸಾರ್. ಗಿರಾಕಿ."

"ತಪ್ಪು ನಂದು ಅಂತ ಅಂಗಡಿಯವರು ಯಾರೂ ಬಂದು ಹೇಳಲ್ಲ. ಇವನು ಏನು ಹೇಳಿಕೊಟ್ಟು ಕರ್ಕೊಂಡು ಬಂದ?"

ನಂಬಲಿಲ್ಲ. ಸುತ್ತ ನಿಂತಿದ್ದ ವಾಚರ್‌ಗಳು ನಗ್ತಾ ಇದ್ದರು. ನಾನು ಇನ್ನೊಂದು ತಗಡಿನ ಮಡ್ಗಾರ್ಡು ಚೀಲದಲ್ಲಿ ತಂದಿದ್ದೆ. ಅಲ್ಲೇ ಕೂತು ಮೊದಲಿನ ಹಾಗೇ, ಅದೇ ಥರ ತಂತಿ ಸುತ್ತಿ ಹಾಕಿದೆ. "ಮುಂದಿನ ಚಕ್ರ ಎತ್ತಿ ಹಿಡ್ಕೊಳ್ರಪ್ಪ" ಅಂದೆ. ಇಬ್ಬರು ಹಿಡಿದರು. ತಂತಿ ಸವೆದ ಹಾಗೆ ಇಕ್ಕಳದಲ್ಲಿ ಕತ್ತರಿಸಿ, ಒಂದು ಕೈಯಲ್ಲಿ ಚಕ್ರ ಜೋರಾಗಿ ತಿರುಗಿಸ್ತಾ, ಇನ್ನೊಂದು ಕೈಯಲ್ಲಿ ಕಡ್ಡಿಯನ್ನು ಅಚ್ಚಿನಿಂದ ಕಿತ್ತೆ. ಧಡ್ ಅಂತ ಚಕ್ರ ನಿಂತಿತು. ಹಿಡಿದಿದ್ದ ಇಬ್ಬರೂ ಮುಂದಕ್ಕೆ ಮುಗ್ಗರಿಸಿದರು. ತಗಡು ಅದೇ ಥರ ಸುರುಳಿ ಸುತ್ತಿಕೊಂಡಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳು. ನನ್ನ ಬೆರಳೂ ಹರಿದಿತ್ತು. ಅದು ಆಮೇಲೆ ಗೊತ್ತಾಯಿತು.

ಯಾರೂ ನಗಲಿಲ್ಲ. ಸಾಹೇಬರು ಎದ್ದು ಬಂದು ಕೂತು ನೋಡಿದರು. ಆಮೇಲೆ ಚಿಕ್ಕಸ್ವಾಮಿಗೆ, "ಕೈ ಕೂಡೋ ತನಕ ಗೇಟಲ್ಲಿ ಕೂತ್ಕೊಂಡು ಗಾಡಿ ನಂಬರ್ ಬರ್ಕೊ. ಎಡಗೈಯಲ್ಲಿ ಬರೆಯೋಕೆ ಬರುತ್ತಾ?" ಅಂದರು.

"ಬಲಗೈಲೇ ಅಷ್ಟಕ್ಕಷ್ಟೇ ಸಾರ್. ಕಲೀತೀನಿ" ಅಂದ.

ಕೆಲಸ ಉಳಿಯಿತು. ನಾನು ಒಳಗೊಳಗೇ ಹಿಗ್ಗಿದೆ. ತಪ್ಪು ಒಪ್ಪಿಕೊಂಡ ದೊಡ್ಡ ಮನಸ್ಸಿನವಳು ಅಂತ ಸಾಹೇಬರು ಎರಡು ಒಳ್ಳೆ ಮಾತು ಆಡ್ತಾರೆ ಅಂತ ಸೆರಗು ಸರಿಮಾಡಿಕೊಂಡು ನಿಂತೆ. ಅವರು ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು.

"ಹೀಗೆ ತಂತಿ ಸುತ್ತಿ ಇನ್ನೂ ಎಷ್ಟು ಸೈಕಲ್ಲಿಗೆ ಹಾಕಿದ್ದೀಯಮ್ಮ?"

ಅದುವರೆಗೆ ನಾನು ಅದನ್ನು ಯೋಚನೆ ಮಾಡಿಯೇ ಇರಲಿಲ್ಲ. ಚಿಕ್ಕಸ್ವಾಮಿ ಒಬ್ಬನನ್ನು ನೆಟ್ಟಗೆ ಮಾಡಿದರೆ ಮುಗಿಯಿತು ಅಂದುಕೊಂಡಿದ್ದೆ.

ವಾಪಸ್ ಬರ್ತಾ ಬಸ್ಸಿನಲ್ಲಿ ಬೆರಳು ಮಡಿಸಿ ಲೆಕ್ಕ ಹಾಕಿದೆ. ಶೀಟಿನ ಮೇಲಿನ ತಗಡು ಗೆದ್ದ ಮೇಲೆ ಜನ ಕೇಳಿ ಕೇಳಿ ಹಾಕಿಸಿಕೊಂಡಿದ್ದರು. ಹೊಸ ಸೈಕಲ್ಲಿಗೆ ಹಳೆ ತಗಡು, ಅಳತೆ ಹೊಂದದ ಕಡ್ಡಿ, ನನ್ನ ತಂತಿ. ಒಂದು ಕೈಯ ಬೆರಳೆಲ್ಲ ಮುಗಿದು ಇನ್ನೊಂದು ಕೈಗೆ ಬಂದೆ. ತೆರಕಣಾಂಬಿಯಲ್ಲಿ ಇಬ್ಬರು, ಬೇಗೂರು ಕಡೆ ಒಬ್ಬರು, ನನ್ನ ತವರು ಉಡಿಗಾಲದಲ್ಲಿ ನನ್ನ ತಮ್ಮನ ಸೈಕಲ್ಲು, ಹರವೆಯಲ್ಲಿ ಡೈರಿಗೆ ಹಾಲು ಹಾಕೋ ನಂಜುಂಡ. ಊರೂ ಹೆಸರೂ ಎರಡೂ ನೆನಪಾಗದೆ ಬರೀ ಸೈಕಲ್ಲಿನ ಬಣ್ಣ ನೆನಪಾದವೂ ಇದ್ದವು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. "ಅಂಗಡಿಗೆ ಬಂದಾಗ ಒಬ್ಬೊಬ್ರುದ್ದೂ ಬದಲಾಯಿಸ್ತೀನಿ" ಅಂದೆ.

"ಗಟ್ಟಿ ಅದ ಅಂತ ಕಳ್ಸಿದ್ದೀಯಲ್ಲ, ಅವ್ರು ಯಾಕೆ ಬತ್ತಾರೆ?" ಅಂದರು.

ಮಾರನೇ ದಿನ ಬೆಳಿಗ್ಗೆ ಅಂಗಡಿ ತೆಗೆಯಲಿಲ್ಲ. ಚೀಲಕ್ಕೆ ಸ್ಪ್ಯಾನರ್, ಇಕ್ಕಳ, ವಾಷರ್ ಹಾಕಿಕೊಂಡೆ. ನಾನು ಪ್ಲಾಸ್ಟಿಕ್ಕು ಇಡಲ್ಲ ಅಂತ ಪಕ್ಕದ ಟೀ ಅಂಗಡಿಯ ಮಲಯಾಳಿಯೇ ಮಡ್ಗಾರ್ಡು ಮಾರಾಟಕ್ಕೆ ನೇತುಹಾಕಿದ್ದ, ಅದರಲ್ಲಿ ನಾಲ್ಕು ತಗೊಂಡೆ. ದುಡ್ಡು ಎಣಿಸಿ ಕೊಟ್ಟೆ. ಚಾಮರಾಜನಗರದ ಮೊದಲ ಬಸ್ ಹತ್ತಿ ಹರವೆಯಲ್ಲಿ ಇಳಿದೆ. ಡೈರಿಯ ದಾರಿಯಲ್ಲಿ ನಿಂತೆ.

ನಂಜುಂಡ ಎರಡು ಕಡೆ ಕ್ಯಾನ್ ನೇತುಹಾಕಿಕೊಂಡು ಜೋರಾಗಿ ಬರ್ತಾ ಇದ್ದ. ಮುಂದೆ ನನ್ನ ತಗಡು ಹೊಳೀತಾ ಇತ್ತು. ದಾರಿಯ ಮಧ್ಯಕ್ಕೆ ಹೋಗಿ ಎರಡೂ ಕೈ ಚಾಚಿ ನಿಂತೆ.

"ಏನ್ ಕೆಂಪಕ್ಕ, ಬೆಳ್ಗೆಬೆಳ್ಗೆ ಅಡ್ಡ ನಿಂತಿದ್ದೀಯ? ಬುಡು, ಹಾಲಿಗೆ ಹೊತ್ತಾಯ್ತದ."

"ಸೈಕಲ್ ಕೊಡು. ಆ ಮಡ್ಗಾರ್ಡು ಬಿಚ್ಬೇಕು."

"ಯಾಕಕ್ಕ? ಚೆನ್ನಾಗೇ ಅದಲ್ಲ. ಗಟ್ಟಿ ಅದ ಅಂತ ನೀನೇ ಹೇಳಿದ್ದೆ."

"ಹೇಳಿದ್ದೆ" ಅಂದೆ. "ಇಳಿ ಕೆಳಕ್ಕೆ."